ಹೊಸ ಯಂತ್ರದಲ್ಲಿ ಹಳೆಯ ಬರಹ

ನಿವೃತ್ತ ಕನ್ನಡ ಪಂಡಿತರೊಬ್ಬರಿಗೆ ಮಗಳು ಹೊಸ ಲ್ಯಾಪ್‌ಟಾಪೊಂದನ್ನು ತಂದುಕೊಟ್ಟಳು. ಅದನ್ನು ಅಣಿಗೊಳಿಸುವುದು ಅರ್ಧ ತಾಸಿನ ಕೆಲಸವಾಯಿತು. ಬಳಿಕ ಪಂಡಿತರು ಪೆನ್‌ಡ್ರೈವಿನಲ್ಲಿದ್ದ ತಮ್ಮ ಬರಹವನ್ನು ತೆರೆದರು. ಕೂರಿಗೆ, ಕುಂಟೆ, ಮಿಣಿ, ಮೇಟಿ ಎಂದು ಹಳ್ಳಿಹಳ್ಳಿ ತಿರುಗಿ ಹನ್ನೊಂದು ವರ್ಷ ಕೂಡಿಹಾಕಿದ ಒಕ್ಕಲುತನದ ಪದಕೋಶವದು. ತೆರೆಯ ಮೇಲೆ ಮೂಡಿದುದು ಕನ್ನಡವಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. “ಎಲ್ಲಾ ಹೋತಲ್ಲವ್ವಾ” ಎಂದು ಅವರು ಕುಸಿದು ಕುಳಿತರು.

ಹೋಗಿರಲಿಲ್ಲ. ಅವರು ಬಳಸಿದ್ದ ಹಳೆಯ ಬಗೆಯ ಫಾಂಟು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದಿತು. ಆ ಫಾಂಟಿಲ್ಲದ ಯಂತ್ರಕ್ಕೆ ವೇಷವಿಲ್ಲ, ಬರಿಯ ಪಾತ್ರಧಾರಿ ಮಾತ್ರ ಕಾಣುತ್ತಾನೆ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿದ್ದರೂ ನಾಡಿನ ಮುದ್ರಣಾಲಯಗಳು ಬಹುಕಾಲ ಹಳೆಯ ಹಾದಿಯನ್ನೇ ಹಿಡಿದುದು ಸೋಜಿಗವೇ ಸರಿ. ಹಳೆಯ ಫಾಂಟನ್ನು ಅಳವಡಿಸಿದೊಡನೆ ಕೂರಿಗೆ, ಕುಂಟೆಗಳು ಮರಳಿ ಬಂದವು. ಪಂಡಿತರ ಕಣ್ಣು ಹನಿಗೂಡಿದವು.

ಅಷ್ಟಕ್ಕೇ ಬಿಡುವಂತಿರಲಿಲ್ಲ. ಪರಿವರ್ತಕ ತಂತ್ರಾಂಶದಿಂದ ಇಡೀ ಕೋಶವನ್ನು ಯುನಿಕೋಡಿಗೆ ಒಯ್ದಾಗ ಹಲವು ಒತ್ತಕ್ಷರಗಳೂ ಅರ್ಕಾವೊತ್ತುಗಳೂ ಸ್ಥಾನ ತಪ್ಪಿದವು. ಕೈಯಿಂದಲೇ ತಿದ್ದಬೇಕು. ಯಂತ್ರದೊಡನೆ ಬಂದ ಇನ್‌ಸ್ಕ್ರಿಪ್ಟ್ ಕೀಲಿಮಣೆಗೆ ಅವರ ಬೆರಳು ಒಗ್ಗಲಿಲ್ಲ, ಕೆ.ಪಿ. ರಾವ್ ಅವರು ರೂಪಿಸಿದ, ‘ಕೆ’ ಒತ್ತಿದರೆ ‘ಕ’ ಮೂಡುವ ವಿನ್ಯಾಸವನ್ನೇ ಮಗಳು ಅಳವಡಿಸಿಕೊಟ್ಟಳು. ನಸುಕಿನಲ್ಲೆದ್ದು ದಿನಕ್ಕೆರಡು ಪುಟ ತಿದ್ದುತ್ತಾರೆ. ಹಳೆಯ ಕಡತವನ್ನು ಅಳಿಸಿಲ್ಲ. ಕಾಗದದ ಪ್ರತಿಯೊಂದು ಪೆಟ್ಟಿಗೆಯಲ್ಲಿದೆ. ಮೊನ್ನೆಗೆ ಮಕಾರದವರೆಗೆ ಬಂದಿದ್ದರು.