ಇವತ್ತಿನ ಅಂಕ, ನಾಳೆಯ ಅಂಕ

2013ರ ಬೇಸಿಗೆಯಲ್ಲಿ ಕಂಪನಿ ನನ್ನನ್ನ ಕ್ಯಾನ್ಸಸ್ ಸಿಟಿಗೆ ಕಳಿಸಿತು. ಆನ್‌ಸೈಟ್ ಅಂದ್ರೆ ನ್ಯೂಯಾರ್ಕು, ಕ್ಯಾಲಿಫೋರ್ನಿಯಾ ಅಂದ್ಕೊಂಡು ಹೊರಟವನಿಗೆ ಸಿಕ್ಕಿದ್ದು ಅಮೆರಿಕದ ನಟ್ಟನಡುವಿನ, ಸುತ್ತಲೂ ಮುಸುಕಿನ ಜೋಳ, ಗೋಧಿ ಬೆಳೆಯೋ ಸೀಮೆ. ತಿಪಟೂರು ತಾಲ್ಲೂಕಿನ ಹಳ್ಳಿಯಿಂದ ಹೋದ ನನಗೆ ಬೇಜಾರೇನೂ ಆಗಲಿಲ್ಲ ಬಿಡಿ.

ಮೊದಲನೇ ವಾರವೇ ಪಕ್ಕದ ಕ್ಯೂಬಿಕಲ್‌ನ ಹಿರಿಯರೊಬ್ಬರು ಪರಿಚಯವಾದರು. ಕ್ಲೈಂಟ್ ಕಡೆಯ ಟೆಸ್ಟ್ ಲೀಡ್, ಅರವತ್ತರ ಹತ್ತಿರ ವಯಸ್ಸು. ಕಾಫಿ ಕುಡೀತಾ "ನಮ್ಮ ಫಾರ್ಮ್ ಇಡೀ ದೇಶಕ್ಕೇ ನಂಬರ್ ಒನ್ ಆಗಿತ್ತು. ಎಲ್ಲಾ ಕೈಯಾರೆ ಹಾಳು ಮಾಡ್ಕೊಂಡ್ರು" ಅಂದರು. ನನಗೆ ಅಯ್ಯೋ ಅನಿಸಿತು. "ಎಷ್ಟು ಎಕರೆ ಇತ್ತು?" ಅಂತ ಕೇಳಿದೆ. ಅವರು ಕಾಫಿ ಚೆಲ್ಲಿಕೊಳ್ಳೋ ಹಾಗೆ ನಕ್ಕರು.

ಅವರು ಹೇಳಿದ್ದು ಹೊಲದ ವಿಷಯ ಆಗಿರಲಿಲ್ಲ. ಕ್ಯಾನ್ಸಸ್ ಸಿಟಿ ರಾಯಲ್ಸ್ ಅನ್ನೋ ಬೇಸ್‌ಬಾಲ್ ತಂಡದ ವಿಷಯ. ಅಲ್ಲಿ ಪ್ರತಿ ದೊಡ್ಡ ತಂಡದ ಕೆಳಗೂ ಚಿಕ್ಕ ಚಿಕ್ಕ ತಂಡಗಳ ಏಣಿ ಇರುತ್ತೆ. ಹದಿನೆಂಟು, ಇಪ್ಪತ್ತು ವರ್ಷದ ಹುಡುಗರನ್ನ ಹಿಡಿದು ತಂದು, ಕೆಳಗಿನ ಮೆಟ್ಟಿಲಲ್ಲಿ ಬಿಟ್ಟು, ವರ್ಷಗಟ್ಟಲೆ ಬಸ್ಸಲ್ಲಿ ಊರೂರು ತಿರುಗಿಸಿ ಬೆಳೆಸ್ತಾರೆ. ಇದಕ್ಕೇ ಅವರು ಫಾರ್ಮ್ ಅನ್ನೋದು. ಆ ಹುಡುಗರಿಗೆ ಪ್ರಾಸ್ಪೆಕ್ಟ್ ಅಂತ ಹೆಸರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇನ್ನೂ ಫಲ ಬಿಡದ ಸಸಿಗಳು.

2011ರಲ್ಲಿ 'ಬೇಸ್‌ಬಾಲ್ ಅಮೆರಿಕಾ' ಪತ್ರಿಕೆ ಇಡೀ ದೇಶದ ನೂರು ಒಳ್ಳೆ ಸಸಿಗಳ ಪಟ್ಟಿ ಮಾಡಿದಾಗ ಅದರಲ್ಲಿ ಒಂಬತ್ತು ಜನ ರಾಯಲ್ಸ್‌ನವರೇ ಇದ್ದರು. 1985ರ ನಂತರ ಒಂದು ಸಲವೂ ಪ್ಲೇಆಫ್ ಮುಖ ನೋಡದ ತಂಡಕ್ಕೆ ಇದು ದೊಡ್ಡ ಆಸೆ. ಆ ಒಂಬತ್ತರಲ್ಲಿ ನಮ್ಮ ಟೆಸ್ಟ್ ಲೀಡ್‌ಗೆ ತುಂಬಾ ಇಷ್ಟವಾದವನು ವಿಲ್ ಮಯರ್ಸ್. 2012ರಲ್ಲಿ ಕೆಳಗಿನ ಲೀಗ್‌ಗಳಲ್ಲಿ 37 ಹೋಮ್‌ರನ್ ಹೊಡೆದಿದ್ದ ಹುಡುಗ. ಅಂಥವನನ್ನ ಅದೇ ವರ್ಷದ ಡಿಸೆಂಬರ್ 9ರಂದು, ಅವನ 22ನೇ ಹುಟ್ಟುಹಬ್ಬಕ್ಕೆ ಒಂದೇ ದಿನ ಮುಂಚೆ, ರಾಯಲ್ಸ್‌ನವರು ಟ್ಯಾಂಪಾ ಬೇ ತಂಡಕ್ಕೆ ಕೊಟ್ಟುಬಿಟ್ಟರು. ಜೊತೆಗೆ ಪಟ್ಟಿಯಲ್ಲಿದ್ದ ಇನ್ನಿಬ್ಬರು, ಮೈಕ್ ಮಾಂಟ್‌ಗೊಮರಿ ಮತ್ತು ಜೇಕ್ ಒಡೊರಿಝಿ, ಅವರ ಮೇಲೆ ಮತ್ತೊಬ್ಬ ಹುಡುಗ. ಬದಲಿಗೆ ಮುಖ್ಯವಾಗಿ ಬಂದವನು ಜೇಮ್ಸ್ ಶೀಲ್ಡ್ಸ್, 31ರ ಹೊಸ್ತಿಲಲ್ಲಿದ್ದ, ಪ್ರತಿ ವರ್ಷ ತಪ್ಪದೆ ಇನ್ನೂರಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆಯೋ ಪಿಚರ್. ಅವನ ಜೊತೆ ವೇಡ್ ಡೇವಿಸ್ ಅನ್ನೋ ಇನ್ನೊಬ್ಬ ಪಿಚರ್.

"ಆರು ವರ್ಷ ಕೈಯಲ್ಲಿರೋ ಹುಡುಗನ್ನ ಕೊಟ್ಟು ಎರಡು ವರ್ಷದ ಬಾಡಿಗೆ ಮನುಷ್ಯನ್ನ ತಂದ್ರು" ಅನ್ನೋದು ಟೆಸ್ಟ್ ಲೀಡ್ ಸಂಕಟ. ಲೆಕ್ಕ ಸರಿಯಾಗೇ ಇತ್ತು. ದೊಡ್ಡ ಲೀಗ್‌ಗೆ ಹೊಸದಾಗಿ ಬಂದ ಆಟಗಾರ ಸುಮಾರು ಆರು ವರ್ಷ ಆ ತಂಡದ ಹಿಡಿತದಲ್ಲಿರ್ತಾನೆ. ಮೊದಮೊದಲು ಕೊಡೋದು ಕನಿಷ್ಠ ಸಂಬಳ, 2013ರಲ್ಲಿ ಅದು 4,90,000 ಡಾಲರ್. ಶೀಲ್ಡ್ಸ್‌ಗೆ 2014ರಲ್ಲಿ ಕೊಟ್ಟಿದ್ದು 1 ಕೋಟಿ 35 ಲಕ್ಷ ಡಾಲರ್. ನಾನು ಹೋದ ವರ್ಷ ಮಯರ್ಸ್ ಟ್ಯಾಂಪಾದಲ್ಲಿ ವರ್ಷದ ಶ್ರೇಷ್ಠ ಹೊಸಬ ಪ್ರಶಸ್ತಿ ಬೇರೆ ಗೆದ್ದ. ಆ ದಿನ ಟೆಸ್ಟ್ ಲೀಡ್ ನನ್ನ ಕೋಡ್‌ನಲ್ಲಿ ಹನ್ನೊಂದು ಬಗ್ ಹಾಕಿದರು.

ಪಂದ್ಯಗಳಿಗಿಂತ ಹೆಚ್ಚಾಗಿ ನನ್ನನ್ನ ಹಿಡಿದಿದ್ದು ಈ ಹುಡುಗರಿಗೆ ಬೆಲೆ ಕಟ್ಟೋ ರೀತಿ. ಸ್ಕೌಟ್‌ಗಳು ಅಂತ ಇರ್ತಾರೆ. ಊರೂರು ಅಲೆದು ಹುಡುಗರ ಆಟ ನೋಡಿ 20ರಿಂದ 80ರವರೆಗೆ ಅಂಕ ಕೊಡೋದು ಅವರ ಕೆಲಸ. ಚೆಂಡಿಗೆ ಬ್ಯಾಟ್ ತಾಗಿಸೋದು, ಬಲವಾಗಿ ಹೊಡೆಯೋದು, ಓಡೋದು, ಎಸೆಯೋದು, ಹಿಡಿಯೋದು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅಂಕ. 50 ಅಂದ್ರೆ ದೊಡ್ಡ ಲೀಗ್‌ನ ಸರಾಸರಿ. ಪ್ರತಿ ಗುಣಕ್ಕೂ ಎರಡು ಅಂಕ ಬರೀತಾರೆ, ಒಂದು ಇವತ್ತಿನದು, ಇನ್ನೊಂದು ಮುಂದೆ ಆಗಬಹುದಾದ್ದು. ಇವತ್ತು 35, ನಾಳೆ 60. ನಡುವಿನ ಆ 25 ಅಂಕ ಇನ್ನೂ ಹುಟ್ಟೇ ಇಲ್ಲ. ಆದರೂ ತಂಡದವರು ಹಣ ಕೊಡೋದು ಅದಕ್ಕೇ.

ಹೆಸರು ಮಾಡಿದ ಆಟಗಾರನ ವಿಷಯದಲ್ಲಿ ತೊಂದರೆ ಉಲ್ಟಾ. ಅವನ ಅಂಕಿಅಂಶವೆಲ್ಲ ಕಣ್ಣ ಮುಂದೆ ಇರುತ್ತೆ. ಆದರೆ ಅವೆಲ್ಲ ನಿನ್ನೆಯವು. ಆಡೋದು ನಾಳೆ, ಮತ್ತು ಮೂವತ್ತು ದಾಟಿದ ಮೈಗೆ ನಾಳೆ ಅನ್ನೋದು ಸಾಮಾನ್ಯವಾಗಿ ಇಳಿಜಾರು.

ಒಂದು ಭಾನುವಾರ ಊರಿಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು ಅಪ್ಪನಿಗೆ ಇದನ್ನ ಹೇಳಿದೆ. ಬೇಸ್‌ಬಾಲ್ ಅಂದ್ರೆ ಅರ್ಥ ಆಗಲ್ಲ ಅಂತ ಎತ್ತಿನ ಲೆಕ್ಕದಲ್ಲಿ ಹೇಳಿದೆ. ಮೂರು ಎರಡು ಹಲ್ಲಿನ ಹೋರಿ ಕೊಟ್ಟು ಒಂದು ಬಾಯಿಗೂಡಿದ ಎತ್ತು ತಂದಿದಾರೆ, ಸರಿನಾ ತಪ್ಪಾ? ಸಿದ್ಧಗಂಗೆ ದನದ ಜಾತ್ರೆಯಲ್ಲಿ ಮೂವತ್ತು ವರ್ಷ ಹಲ್ಲು ಹಿಡಿದು ನೋಡಿದ ಮನುಷ್ಯ ತಕ್ಷಣ ಕೇಳಿದ್ದು, "ಅವರಿಗೆ ಮಳೆ ಯಾವಾಗಪ್ಪಾ?"

"ಅಂದ್ರೆ?"

"ಮುಂದಿನ ವಾರ ಆರು ಹೂಡ್ಬೇಕು ಅಂದ್ರೆ ಪಳಗಿದ್ದೇ ಬೇಕು. ಇನ್ನೂ ಟೈಮೈತೆ ಅಂದ್ರೆ ಹೋರಿ ತಗೋಬೋದು. ಅದೂ ಒಂದು ಪಳಗಿದ ಎತ್ತಿನ ಜೊತೆ ಹೂಡಿದ್ರೆ ಕಲಿಯೋದು. ಎರಡೂ ಎಳೇವು ಕಟ್ಟಿದ್ರೆ ನೊಗ ಮುರ್ಕೊಂಡು ಬರ್ತವೆ."

ಇದನ್ನ ಟೆಸ್ಟ್ ಲೀಡ್‌ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದಿನ ಕಥೆ ಒಂದು ಹೇಳಿದರು. 2010ರ ಡಿಸೆಂಬರ್‌ನಲ್ಲಿ ಇದೇ ರಾಯಲ್ಸ್ ಇದರ ಉಲ್ಟಾ ವ್ಯಾಪಾರ ಮಾಡಿತ್ತು. ಹಿಂದಿನ ವರ್ಷ ತಾನೇ ಸೈ ಯಂಗ್ ಪ್ರಶಸ್ತಿ ಗೆದ್ದಿದ್ದ ಪಿಚರ್ ಝ್ಯಾಕ್ ಗ್ರೈಂಕಿಯನ್ನ ಮಿಲ್ವಾಕಿಗೆ ಕೊಟ್ಟು, ಇನ್ನೂ ಸರಿಯಾಗಿ ಬೇರು ಬಿಡದ ಲೊರೆಂಝೊ ಕೇನ್, ಅಲ್ಸಿಡೀಸ್ ಎಸ್ಕೋಬಾರ್ ಅಂಥ ಹುಡುಗರನ್ನ ತಂದಿತ್ತು. ಆಗ ಮಳೆ ದೂರ ಇತ್ತು, ಹೋರಿ ತಂದರು. ಎರಡು ವರ್ಷ ಬಿಟ್ಟು ಮೋಡ ಕಂಡಿತು, ಎತ್ತು ತಂದರು. ಎರಡೂ ವ್ಯಾಪಾರ ಮಾಡಿದ್ದು ಒಬ್ಬನೇ ಜನರಲ್ ಮ್ಯಾನೇಜರ್, ಡೇಟನ್ ಮೂರ್. ಯಾವುದು ಮೇಲು ಅನ್ನೋ ಪ್ರಶ್ನೆಗಿಂತ ಯಾವಾಗ ಅನ್ನೋ ಪ್ರಶ್ನೆ ಮುಂಚೆ ಬರುತ್ತೆ ಅಂತ ನನಗೆ ಹೊಳೆದದ್ದು ಅವತ್ತು.

ಆದರೆ ಹೊಳೆಯೋದು ಬೇರೆ, ಅದನ್ನ ಕೈಯಾರೆ ಮಾಡೋದು ಬೇರೆ.

2014ರ ಅಕ್ಟೋಬರ್. ಮಾರ್ಚ್‌ನಲ್ಲಿ ನಮ್ಮದೊಂದು ದೊಡ್ಡ ರಿಲೀಸ್. ಬೆಂಗಳೂರಿಂದ ಒಬ್ಬರನ್ನ ಕರೆಸ್ಕೊಳ್ಳೋಕೆ ಒಂದೇ ಒಂದು ಜಾಗ ಸಿಕ್ಕಿತು. ಆರಿಸೋ ಕೆಲಸ ನನ್ನ ತಲೆಗೆ ಬಂತು. ಒಬ್ಬರು ಹನ್ನೊಂದು ವರ್ಷ ಅನುಭವದವರು, ಇಂಥ ರಿಲೀಸ್ ನಾಲ್ಕಾರು ಕಂಡವರು. ಇನ್ನೊಬ್ಬ ಎರಡು ವರ್ಷದ ಹುಡುಗ, ಹಾವೇರಿ ಕಡೆಯವನು. ಇಂಗ್ಲಿಷ್‌ನಲ್ಲಿ ತಡವರಿಸ್ತಿದ್ದ. ಆದರೆ ರಾತ್ರಿ ಹನ್ನೊಂದಕ್ಕೆ ನಾನು ಕಳಿಸಿದ ಪ್ರಶ್ನೆಗೆ ಹನ್ನೊಂದೂಕಾಲಿಗೆ ಉತ್ತರ, ಅದೂ ನಾನು ಕೇಳದೇ ಇದ್ದ ಇನ್ನೊಂದು ತಪ್ಪನ್ನೂ ಸರಿ ಮಾಡಿ. ವೀಸಾ ಕೂಡ ಸ್ಟ್ಯಾಂಪ್ ಆಗಿತ್ತು. ತುಮಕೂರಿನ ಕಾಲೇಜಲ್ಲಿ ಬಿಇ ಮುಗಿಸಿ, ಇಂಟರ್‌ವ್ಯೂನಲ್ಲಿ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್'ಗೆ ಬೆವರಿದ್ದ ನನ್ನನ್ನ ಯಾರೋ ಒಬ್ಬರು ನಾಳೆಯ ಅಂಕ ನೋಡಿ ತಗೊಂಡಿದ್ದರು. ಇವನನ್ನ ನೋಡಿದಾಗಲೆಲ್ಲ ನನಗೆ ಅದೇ ನೆನಪು.

ಅದೇ ವಾರ ಇಡೀ ಊರು ನೀಲಿ ಬಟ್ಟೆ ಹಾಕ್ಕೊಂಡಿತ್ತು. 29 ವರ್ಷದ ನಂತರ ರಾಯಲ್ಸ್ ಪ್ಲೇಆಫ್‌ಗೆ ಬಂದಿತ್ತು. ಸೆಪ್ಟೆಂಬರ್ 30ರ ರಾತ್ರಿ ಓಕ್ಲೆಂಡ್ ಮೇಲಿನ ಪಂದ್ಯ, ಸೋತರೆ ಮನೆಗೆ. ಎಂಟನೇ ಇನ್ನಿಂಗ್ಸ್‌ನಲ್ಲಿ 7-3 ಹಿಂದಿದ್ದವರು ಸಮ ಮಾಡಿ, ಹನ್ನೆರಡನೇ ಇನ್ನಿಂಗ್ಸ್‌ವರೆಗೂ ಎಳೆದು 9-8ಕ್ಕೆ ಗೆದ್ದರು. ಆ ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಆಟ ತಿರುಗಿಸಿದ್ದು ಎರಿಕ್ ಹಾಸ್ಮರ್ ಮತ್ತು ಕ್ರಿಶ್ಚಿಯನ್ ಕೊಲೋನ್, ಇಬ್ಬರೂ ಆ ಒಂಬತ್ತರ ಪಟ್ಟಿಯವರು. ಗೆಲುವಿನ ಹೊಡೆತ ಹೊಡೆದವನು ಸಾಲ್ವಡೋರ್ ಪೆರೆಝ್. 2006ರಲ್ಲಿ ವೆನೆಜುವೆಲಾದಿಂದ 65,000 ಡಾಲರ್ ಕೊಟ್ಟು ತಂದಿದ್ದ ಹುಡುಗ. 2011ರ ಆ ನೂರರ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಅಂದು ಶೀಲ್ಡ್ಸ್ ಚೆನ್ನಾಗಿ ಎಸೆಯಲಿಲ್ಲ. ಆದರೆ ಅವನು ಆ ವರ್ಷ ಗೆದ್ದುಕೊಟ್ಟ 14 ಪಂದ್ಯ ಇಲ್ಲದಿದ್ರೆ ಅಂದಿನ ರಾತ್ರಿಯೇ ಇರ್ತಿರಲಿಲ್ಲ.

ಎರಡು ದಿನ ಯೋಚನೆ ಮಾಡಿ ನಾನು ಹನ್ನೊಂದು ವರ್ಷದವರನ್ನೇ ಆರಿಸಿದೆ. ಮಾರ್ಚ್ ಅನ್ನೋ ಮಳೆ ಹತ್ತಿರ ಇತ್ತು. ಹುಡುಗನಿಗೆ ಫೋನಲ್ಲಿ "ಬಜೆಟ್ ಸ್ವಲ್ಪ ತೊಂದರೆ ಇದೆ, ಮುಂದಿನ ಸಲ ನೋಡೋಣ" ಅಂದೆ. ಅದು ಸುಳ್ಳು. ಮೂರು ವಾರಕ್ಕೆ ಹಿರಿಯರು ಕ್ಯಾನ್ಸಸ್ ಸಿಟಿಯಲ್ಲಿ ಇಳಿದಾಗ ಅವನಿಗೂ ಅದು ಗೊತ್ತಾಯಿತು. ಏನೂ ಕೇಳಲಿಲ್ಲ. ಹನ್ನೊಂದೂಕಾಲಿನ ಉತ್ತರಗಳು ಮರುದಿನ ಬೆಳಿಗ್ಗೆ ಬರೋಕೆ ಶುರುವಾದವು. ಫೆಬ್ರವರಿಯಲ್ಲಿ ಪೇಪರ್ ಹಾಕಿದ.

ರಿಲೀಸ್ ಒಂದು ಚೂರೂ ಅಲುಗಾಡದೆ ಹೋಯಿತು. ಹಿರಿಯರು ಇಲ್ಲದಿದ್ರೆ ಆಗ್ತಿರಲಿಲ್ಲ, ಇದನ್ನ ಈಗಲೂ ಹೇಳ್ತೀನಿ.

2015ರ ನವೆಂಬರ್‌ನಲ್ಲಿ ರಾಯಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಕೊನೆಯ ಪಂದ್ಯ ಮತ್ತೆ ಹನ್ನೆರಡನೇ ಇನ್ನಿಂಗ್ಸ್. ಮುನ್ನಡೆ ಕೊಟ್ಟ ಹೊಡೆತ ಕೊಲೋನ್‌ನದು. ಆ ಇಡೀ ಪ್ಲೇಆಫ್‌ನಲ್ಲಿ ಅವನು ಬ್ಯಾಟ್ ಹಿಡಿದು ನಿಂತದ್ದು ಅದೇ ಮೊದಲು. ಕೊನೆಯ ಔಟ್ ತೆಗೆದವನು ಶೀಲ್ಡ್ಸ್ ಜೊತೆ ಬಾಲದಂತೆ ಬಂದಿದ್ದ ವೇಡ್ ಡೇವಿಸ್. ಅಷ್ಟೊತ್ತಿಗೆ ಶೀಲ್ಡ್ಸ್ ಮತ್ತು ಮಯರ್ಸ್ ಇಬ್ಬರೂ ಎಲ್ಲಿದ್ದರು ಗೊತ್ತಾ? ಒಂದೇ ತಂಡದಲ್ಲಿ, ಸ್ಯಾನ್ ಡಿಯೇಗೋದಲ್ಲಿ. ಮುಂದಿನ ವರ್ಷ ಶಿಕಾಗೋ ಕಬ್ಸ್ 1908ರ ನಂತರ ಮೊದಲ ಸಲ ಗೆದ್ದಾಗ ಕೊನೆಯ ಔಟ್ ತೆಗೆದದ್ದು ಆ ಟ್ರೇಡ್‌ನಲ್ಲಿ ಹೋಗಿದ್ದ ಮಾಂಟ್‌ಗೊಮರಿ. ಒಂಬತ್ತರ ಪಟ್ಟಿಯಲ್ಲಿದ್ದ ಜಾನ್ ಲ್ಯಾಂಬ್‌ಗೆ ಮೊಣಕೈ ಆಪರೇಷನ್ ಆಗಿ ವರ್ಷಗಳೇ ಹೋದವು. ಕ್ರಿಸ್ ಡ್ವಯರ್ ದೊಡ್ಡ ಲೀಗ್‌ನಲ್ಲಿ ಆಡಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಒಬ್ಬ ಹುಡುಗನ ನಾಳೆ ಯಾರಿಗೂ ಗೊತ್ತಿರಲ್ಲ. ಒಂಬತ್ತು ಹುಡುಗರಿದ್ರೆ ಮೂರೋ ನಾಲ್ಕೋ ಕೈ ಹಿಡೀತಾರೆ ಅನ್ನೋದಷ್ಟೇ ಗೊತ್ತಿರೋದು.

2016ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ಹೋದ ತಿಂಗಳು ವಿಜಯನಗರದ ಒಂದು ದರ್ಶಿನಿಯಲ್ಲಿ ಆ ಹುಡುಗ ಸಿಕ್ಕ. ಈಗ ಬೇರೆ ಕಡೆ ಟೀಮ್ ಲೀಡ್. ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತೆ. ಕಾಫಿ ಅರ್ಧ ಆದಮೇಲೆ ನಾನೇ ವಿಷಯ ಎತ್ತಿದೆ. ಅವತ್ತು ಬಜೆಟ್ ಅಂತ ಹೇಳಿದ್ದು ಸುಳ್ಳು ಅಂದೆ.

"ಗೊತ್ತಿತ್ತಣ್ಣ" ಅಂದ. "ನೀವು ಅವರನ್ನ ಆರಿಸಿದ್ದು ತಪ್ಪು ಅಂತ ನಾನು ಯಾವತ್ತೂ ಅನ್ನಲ್ಲ. ಈಗ ನಾನಿದ್ರೂ ಹಂಗೇ ಮಾಡ್ತೀನಿ. ಆದ್ರೆ ನೀವು ಯಾಕೆ ಅಂತ ಹೇಳ್ಲಿಲ್ಲ ನೋಡ್ರಿ, ಅದಕ್ಕೆ ನನಗೇ ಏನೂ ಬರಂಗಿಲ್ಲ ಅಂತ ತಿಳ್ಕೊಂಡೆ. ಅದು ಹೋಗಾಕ ಎರಡು ವರ್ಷ ಬೇಕಾತು."

ನನಗೆ ಮಾತು ಬರಲಿಲ್ಲ. ಮಯರ್ಸ್‌ನನ್ನ ಕೊಟ್ಟಾಗ ಅವನು ಆಡಲಾರ ಅಂತ ಯಾರೂ ಹೇಳಿರಲಿಲ್ಲ. ಅವನಿಗೆ ಬೆಲೆ ಇದ್ದಿದ್ದಕ್ಕೇ ಶೀಲ್ಡ್ಸ್ ಸಿಕ್ಕಿದ್ದು. ಆ ವ್ಯಾಪಾರ ಪೇಪರಲ್ಲಿ, ಟಿವಿಯಲ್ಲಿ ಎಲ್ಲರೆದುರಿಗೆ ಆಯಿತು. ನಾನು ನನ್ನ ವ್ಯಾಪಾರ ಮುಚ್ಚಿಟ್ಟು ಮಾಡಿದೆ. "ನಿನ್ನ ನಾಳೆಯ ಅಂಕ ದೊಡ್ಡದು, ನನಗೆ ಬೇಕಿರೋದು ಮಾರ್ಚ್‌ನ ಅಂಕ. ಅವರ ಜೊತೆ ಇಲ್ಲಿಂದಲೇ ಜೋಡಿಯಾಗಿ ಕೆಲಸ ಮಾಡು, ಕಲಿ" ಅಂತ ಎರಡು ನಿಮಿಷ ಹೇಳೋಕೆ ನನಗೆ ಧೈರ್ಯ ಬರಲಿಲ್ಲ. ಅಪ್ಪ ಜೋಡಿ ಹೂಡೋ ವಿಷಯ ಹೇಳಿದ್ದು ಕಿವಿಯಲ್ಲೇ ಉಳಿದಿತ್ತು.

ಬಿಲ್ ನಾನು ಕೊಡ್ತೀನಿ ಅಂದೆ. ಅವನು ಬಿಡಲಿಲ್ಲ.

ಮುಂದಿನ ಸೋಮವಾರ ಮತ್ತೆ ಇಬ್ಬರ ಇಂಟರ್‌ವ್ಯೂ ಇದೆ, ಜಾಗ ಒಂದೇ. ಒಬ್ಬರಿಗೆ ಒಂಬತ್ತು ವರ್ಷ, ಇನ್ನೊಬ್ಬಳು ಈ ವರ್ಷ ಚಿತ್ರದುರ್ಗದಿಂದ ಬಿಇ ಮುಗಿಸಿದವಳು. ಕಾಗದದ ಮೇಲೆ ಎರಡು ಕಾಲಂ ಹಾಕಿದ್ದೀನಿ, ಇವತ್ತಿನದು, ನಾಳೆಯದು. ಯಾರು ಅಂತ ಇನ್ನೂ ಗೊತ್ತಿಲ್ಲ. ಆದರೆ ಆಯ್ಕೆ ಆಗದೇ ಇದ್ದವರಿಗೆ ಕಳಿಸೋ ಮೇಲ್ ಮಾತ್ರ ಈ ಸಲ ಮೊದಲೇ ಬರೆಯೋಕೆ ಕೂತಿದ್ದೀನಿ. ನಾಲ್ಕನೇ ಡ್ರಾಫ್ಟ್ ನಡೀತಿದೆ.