ಮಕ್ಕಳು ಬರುವ ಮುನ್ನ

ಹಸುಗೂಸನ್ನು ದತ್ತು ಪಡೆಯುವವರು ತೊಟ್ಟಿಲೊಂದನ್ನು ಕಟ್ಟಿದರೆ ಅರ್ಧ ಸಿದ್ಧತೆ ಮುಗಿದಂತೆ. ಹತ್ತು ವರ್ಷದ ಅಕ್ಕನನ್ನೂ ಏಳು ವರ್ಷದ ತಮ್ಮನನ್ನೂ ಒಟ್ಟಿಗೆ ಬರಮಾಡಿಕೊಳ್ಳುವವರು ಏನನ್ನು ಕಟ್ಟಬೇಕು? ಹೊಸಪೇಟೆಯಲ್ಲಿರುವ ನಮ್ಮ ಸೋದರಸೊಸೆಗೂ ಅವಳ ಯಜಮಾನರಿಗೂ ಈ ಪ್ರಶ್ನೆ ಬಂದೊದಗಿತು. ಮಕ್ಕಳು ದೂರದ ಜಿಲ್ಲೆಯೊಂದರಲ್ಲಿ ಮೂರು ವರ್ಷಗಳಿಂದ ಪೋಷಕ ಕುಟುಂಬದ ಆಶ್ರಯದಲ್ಲಿ ಬೆಳೆದವರು. ಮೊದಲ ಭೇಟಿಗೆ ಮುಂಚೆಯೇ ಮನೆ, ಬೀದಿ, ಸುತ್ತಣ ಊರುಗಳ ಚಿತ್ರಗಳನ್ನು ಪುಸ್ತಕವಾಗಿ ಹೊಲಿದು ಅವರ ಕೈಗೆ ಮುಟ್ಟಿಸಬೇಕೆಂದು ದಂಪತಿಗಳು ನಿಶ್ಚಯಿಸಿದರು. ಚಿತ್ರಗಳ ಕೆಳಗೆ ನಾಲ್ಕು ಮಾತು ಬರೆಯಲು ನಮ್ಮನ್ನು ಕರೆಸಿದರು.

ಹೊಸಪೇಟೆಯು ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರ. 2021ರಿಂದ ವಿಜಯನಗರ ಜಿಲ್ಲೆಯ ಮುಖ್ಯ ಪಟ್ಟಣ. ಅಲ್ಲಿ ಅಡಿಗೆಮನೆಯ ಕಿಟಕಿ, ಶಾಲೆಯ ಬಾಗಿಲು, ಮಕ್ಕಳು ಮಲಗತಕ್ಕ ಕೋಣೆ ಇವುಗಳ ಚಿತ್ರ ತೆಗೆದದ್ದಾಯಿತು. ಮರುದಿನ ಕಂಪ್ಲಿಗೆ ಹೋದೆವು. ತುಂಗಭದ್ರೆಯ ದಡದ ಕೋಟೆಯನ್ನೂ ಭತ್ತದ ಗದ್ದೆಗಳನ್ನೂ ಚಿತ್ರಿಸಿಕೊಂಡು ಬೇಗನೆ ಹಿಂದಿರುಗಿದೆವು. ಕುಮಾರರಾಮನ ಊರಾದರೂ ಮಲತಾಯಿ ರತ್ನಾಜಿಯ ಕಥೆಯನ್ನು ಈ ಪುಸ್ತಕಕ್ಕೆ ಸೇರಿಸುವುದು ನಮಗೆ ಒಪ್ಪಿಗೆಯಾಗಲಿಲ್ಲ. ಅಂತಹ ಕಥೆಗಳನ್ನು ಹೇಳಲು ನೆರೆಹೊರೆಯವರು ಹೇಗೂ ಇದ್ದಾರೆ.

ಹಂಪೆಯಲ್ಲಿ ಮಾತ್ರ ದಿನವಿಡೀ ಕಳೆದೆವು. ವಿರೂಪಾಕ್ಷನ ಗೋಪುರ, ಕಲ್ಲಿನ ರಥ, ಹೊಳೆಯ ಮೇಲಿನ ಹರಿಗೋಲು ಇವು ಮಕ್ಕಳಿಗೆ ರುಚಿಸುವುದರಲ್ಲಿ ಸಂದೇಹವಿಲ್ಲ. ಆದರೆ ನಿಂಬಾಪುರದ ಬಳಿ ವಾಲಿಯನ್ನು ದಹಿಸಿದ ಸ್ಥಳವೆಂದು ಜನರು ತೋರಿಸುವ ಬೂದಿಯ ದಿಬ್ಬದ ಮುಂದೆ ನಿಂತಾಗ ನಮಗೆ ನೆನಪಾದವನು ಅಂಗದ. ವಾಲಿಯು ಸಾಯುವಾಗ ಮಗನನ್ನು ಸುಗ್ರೀವನ ಕೈಯಲ್ಲಿರಿಸಿದನು. ಹುಡುಗನಿಗೆ ಯುವರಾಜಪಟ್ಟವೂ ದೊರೆಯಿತು. ಅವನ ಮನಸ್ಸಿನಲ್ಲಿ ಏನಿದೆಯೆಂದು ಯಾರೂ ಕೇಳಿದಂತಿಲ್ಲ. ಸೀತೆಯನ್ನು ಹುಡುಕುವ ಅವಧಿ ಮೀರಿದಾಗ, ಸುಗ್ರೀವನನ್ನು ನಂಬಲಾರೆ, ಹಿಂದಿರುಗಲಾರೆ ಎಂದು ಪ್ರಾಯೋಪವೇಶಕ್ಕೆ ಕುಳಿತವನು ಆ ಯುವರಾಜನೇ. ವಾಲ್ಮೀಕಿಯು ಇದನ್ನು ಮುಚ್ಚಿಡಲಿಲ್ಲ. ಬೆಳೆದ ಮಗುವಿಗೆ ಕೋಣೆಯನ್ನೂ ಹೊಸ ಬಟ್ಟೆಯನ್ನೂ ಒಂದೇ ದಿನದಲ್ಲಿ ಕೊಡಬಹುದು. ನಂಬಿಕೆಯನ್ನು ಹಾಗೆ ಕೊಡಲಾಗದು.

ನಮ್ಮ ಕಾಲದ ಕಾನೂನು ಈ ವಿಷಯದಲ್ಲಿ ಕಿಷ್ಕಿಂಧೆಗಿಂತ ಮೇಲು. 2022ರ ದತ್ತು ನಿಯಮಗಳ ಪ್ರಕಾರ ಐದು ವರ್ಷ ತುಂಬಿದ ಮಗುವಿನ ಸಮ್ಮತಿ ಬೇಕು. ದತ್ತಾದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಮಗು ಹೇಗಿದೆಯೆಂದು ವಿಚಾರಿಸುತ್ತಾರೆ. ಎಂಟು ದಾಟಿದ ಮಗುವನ್ನು ಪಡೆಯುವ ದಂಪತಿಗಳ ವಯಸ್ಸುಗಳ ಮೊತ್ತ 110ನ್ನು ಮೀರಬಾರದೆಂಬ ವಿಧಿಯೂ ಉಂಟು.

ಕಡೆಗೆ ಸಂಡೂರು. ಕೆಂಪು ಧೂಳಿನ ದಾರಿಯಲ್ಲಿ ಬೆಟ್ಟವೇರುವಾಗ ಸೋದರಸೊಸೆ ತನ್ನ ಮನಸ್ಸನ್ನು ಬಿಚ್ಚಿದಳು. “ಮಾವ, ಇಬ್ಬರಿಗೂ ಹೊಸ ಹೆಸರಿಡಬೇಕೆಂದಿದ್ದೇನೆ. ಹಿಂದಿನದೆಲ್ಲ ಮರೆತುಹೋದರೆ ಅವರಿಗೂ ಸುಖವಲ್ಲವೆ?”

ನಾವು ಕೂಡಲೇ ಉತ್ತರಿಸಲಿಲ್ಲ. ಕುಮಾರಸ್ವಾಮಿಯ ಗುಡಿಯನ್ನು ಕಂಡು, ಸಮೀಪದ ಪಾರ್ವತಿಯ ಗುಡಿಯ ಜಗಲಿಯಲ್ಲಿ ಕುಳಿತ ಮೇಲೆ ಕೇಳಿದೆವು:

“ಈ ಸ್ವಾಮಿಗೆ ಕಾರ್ತಿಕೇಯನೆಂಬ ಹೆಸರು ಏಕೆ ಬಂದಿತು, ಹೇಳಮ್ಮ?”

“ಕೃತ್ತಿಕೆಯರು ಹಾಲೂಡಿಸಿದ್ದರಿಂದ.”

“ಮಗನು ಮನೆಗೆ ಬಂದ ಮೇಲೆ ಪಾರ್ವತಿಯು ಆ ಹೆಸರನ್ನು ಅಳಿಸಿದಳೇ?”

ಅವಳು ಮಾತನಾಡಲಿಲ್ಲ. ಅವಳ ಯಜಮಾನರು ಗುಡಿಯ ಮುಂದಿನ ಮರವೊಂದರ ಚಿತ್ರ ತೆಗೆಯುತ್ತಿದ್ದರು. ಕೊಂಚ ಹೊತ್ತಿನ ಮೇಲೆ, “ಅವರನ್ನು ಸಾಕಿದಾಕೆಗೆ ಹುಡುಗಿ ಏನೆಂದು ಕರೆಯುತ್ತಾಳೋ!” ಎಂದಳು. ಅಮ್ಮ ಎಂದೇ ಕರೆಯುತ್ತಿರಬಹುದು ಎಂದೆವು. ಅವಳ ಕಣ್ಣು ತುಂಬಿತು. ಮಕ್ಕಳಿಲ್ಲದೆ ಹನ್ನೆರಡು ವರ್ಷ ಕಾದವಳಿಗೆ ಆ ಒಂದು ಮಾತು ಇನ್ನೂ ಕೆಲವು ಕಾಲ ಬೇರೊಬ್ಬಳದಾಗಿರಬಹುದೆಂಬುದು ಸಣ್ಣ ವಿಷಯವಲ್ಲ.

ಇಳಿಯುವಾಗ ಯಾರೂ ಹೆಚ್ಚು ಮಾತನಾಡಲಿಲ್ಲ. ರಾತ್ರಿ ಹೊಸಪೇಟೆಯಲ್ಲಿ ಚಿತ್ರಗಳನ್ನು ಜೋಡಿಸುತ್ತ ಕುಳಿತಾಗ ಅವಳು ಮಕ್ಕಳ ಹೆಸರುಗಳನ್ನು, ಇದ್ದ ಹೆಸರುಗಳನ್ನೇ, ಮೊದಲ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಳು. ಪೋಷಕ ತಾಯಿಯ ಭಾವಚಿತ್ರವೊಂದನ್ನು ಮಕ್ಕಳು ಜೊತೆಗೆ ತರಬಹುದೇ ಎಂದು ಅಧಿಕಾರಿಗಳಿಗೆ ಕಾಗದ ಬರೆಯುವ ಕೆಲಸವನ್ನು ನಮಗೆ ಒಪ್ಪಿಸಿದಳು.