ಮಣ್ಣು ತುಳಿಯದ ಕೋಳಿಗಳು

ಗಾಡಿ ಹೊಸದುರ್ಗದ ಪೇಟೆ ದಾಟಿ ತೋಟದ ದಾರಿಗೆ ಇಳಿಯುವಾಗ ಸಂಜೆ ಆರೂವರೆ. ಆಷಾಢದ ಗಾಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳಿಗೆ ಬಿಡುವಿಲ್ಲ, ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ವಾಲಿವೆ. ಹಿಂದಿನ ಸೀಟಿನಲ್ಲಿ ತೂತು ಕೊರೆದ ರಟ್ಟಿನ ಡಬ್ಬಗಳು, ಒಳಗೆ ಆರು ಕೋಳಿ. ಸದ್ದೇ ಇಲ್ಲ. ನಾಟಿ ಕೋಳಿಯಾಗಿದ್ದರೆ ಇಷ್ಟು ಹೊತ್ತಿಗೆ ಊರು ಒಂದು ಮಾಡಿರುತ್ತಿತ್ತು. ನೀವು ಎರಡು ಸಲ ಗಾಡಿ ನಿಲ್ಲಿಸಿ ಉಸಿರಾಡುತ್ತಿವೆಯೇ ಎಂದು ನೋಡಿದ್ದೀರಿ.

ಅಂಗಳದಲ್ಲಿ ಗಾಡಿ ನಿಂತಿತೋ ಇಲ್ಲವೋ, ಪಕ್ಕದ ಮನೆ ಅಜ್ಜಿ ಬೇಲಿ ಹತ್ತಿರ ಹಾಜರು.

‘ಏನಪ್ಪಾ, ಅಮ್ಮನಿಗೆ ಬಿಡಾಕೆ ತಂದ್ಯಾ?’

‘ಇಲ್ಲಜ್ಜಿ, ಸಾಕಾಕೆ.’

‘ಫಾರಂ ಕೋಳಿನಾ?’

ಅಜ್ಜಿ ಡಬ್ಬದೊಳಗೆ ಬಗ್ಗಿ ನೋಡುತ್ತಾಳೆ. ಕತ್ತಿನ ಸುತ್ತ ಪುಕ್ಕವೇ ಇಲ್ಲದೆ ಕೆಂಪಗಾದ ಚರ್ಮ. ದೊಡ್ಡದಾಗಿ ಬೆಳೆದ ಜುಟ್ಟು ಬಣ್ಣಗೆಟ್ಟು ಒಂದು ಕಣ್ಣಿನ ಮೇಲೆ ಜೋತುಬಿದ್ದಿದೆ. ಕೊಕ್ಕಿನ ತುದಿ ಕತ್ತರಿಸಿದ್ದಾರೆ. ಉಗುರು ಉದ್ದುದ್ದ ಬೆಳೆದು ಸೊಟ್ಟಗಾಗಿವೆ. ಕೆರೆಯಲು ನೆಲವಿದ್ದರೆ ತಾನೇ ಸವೆಯುವುದು! ‘ಅಯ್ಯೋ ಶಿವನೇ’ ಎಂದವಳು ಆಮೇಲೆ ದನಿ ಬದಲಿಸುತ್ತಾಳೆ: ‘ಕಾಲು ಹಿಡಿದು ಜೋತಾಡಿಸಬ್ಯಾಡ ಕಣಪ್ಪ. ಎರಡೂ ಕೈಯಾಗೆ ಎತ್ತು.’

ಅಜ್ಜಿಯ ಮಾತು ಅಕ್ಷರಶಃ ಪಾಲಿಸಿ. ಇವು ಬಿವಿ-300 ಎಂಬ ಬಿಳಿ ಲೇಯರ್ ತಳಿ, ವರ್ಷಕ್ಕೆ ಮುನ್ನೂರು ಮೀರಿ ಮೊಟ್ಟೆ ಇಡುವಂತೆ ಬೆಳೆಸಿದ್ದು. ಒಂದೊಂದು ಮೊಟ್ಟೆಯ ಚಿಪ್ಪಿಗೂ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಾಲದೆ ಬಂದದ್ದನ್ನು ಕೋಳಿ ತನ್ನ ಮೂಳೆಯಿಂದಲೇ ಕೊಡುತ್ತದೆ. ಓಡಾಟವಿಲ್ಲದ ಪಂಜರದಲ್ಲಿ ವರ್ಷವಿಡೀ ಹೀಗೆ ಕೊಟ್ಟು ಕೊಟ್ಟು ಆ ಮೂಳೆ ಟೊಳ್ಳಾಗಿರುತ್ತದೆ. ಸಂತೆಯಲ್ಲಿ ಹಿಡಿಯುವ ಹಾಗೆ ಕಾಲು ಹಿಡಿದೆತ್ತಿದರೆ ಕೈಯಲ್ಲೇ ಮುರಿದೀತು. ಎರಡೂ ಅಂಗೈಯನ್ನು ರೆಕ್ಕೆಗಳ ಮೇಲೆ ಮೆಲ್ಲಗೆ ಒತ್ತಿ, ಎದೆಗೆ ಆನಿಸಿಕೊಂಡು ಎತ್ತಿ. ಈಗ ಕೈಗೆ ಸಿಗುತ್ತಿದೆಯಲ್ಲ, ಎದೆಯ ನಡುವಿನ ಆ ಚೂಪು ಮೂಳೆ? ಅದರ ಎರಡೂ ಬದಿಗೆ ಮಾಂಸವೇ ಇಲ್ಲ. ಎದೆಬಡಿತ ಮಾತ್ರ ನಿಮ್ಮ ಬೆರಳಿಗೆ ಓಡೋಡಿ ತಾಗುತ್ತಿದೆ.

ಗೂಡು ಸಿದ್ಧವಿದೆ. ನೆಲಕ್ಕೆ ಭತ್ತದ ಹೊಟ್ಟು, ಗಾಳಿ ಬೀಸುವ ಪಡುವಣ ಬದಿಗೆ ಗೋಣಿಚೀಲ ಕಟ್ಟಿದ್ದೀರಿ. ಮೈಮೇಲೆ ಪುಕ್ಕವಿಲ್ಲದ ಕೋಳಿಗೆ ನಮ್ಮ ಆಷಾಢದ ಗಾಳಿಯೇ ಚಳಿಗಾಲ. ಆದರೆ ಮೇಲುಗಡೆ ಗಾಳಿಯಾಡಲು ಜಾಗ ಬಿಡಿ, ಇಲ್ಲದಿದ್ದರೆ ಹಿಕ್ಕೆಯ ಘಾಟಿಗೆ ಉಸಿರು ಕಟ್ಟುತ್ತದೆ. ಕತ್ತಲಾಗುತ್ತಿರುವಾಗಲೇ ಒಂದೊಂದಾಗಿ ಒಳಗೆ ಬಿಡುವುದು ಒಳ್ಳೆಯದು; ಕತ್ತಲಲ್ಲಿ ಕೋಳಿ ಅಲ್ಲಾಡುವುದಿಲ್ಲ, ಬೆಳಗಿನ ಹೊತ್ತಿಗೆ ಜಾಗಕ್ಕೆ ಅರ್ಧ ಒಗ್ಗಿರುತ್ತದೆ. ಕೂರಲೆಂದು ನೀವು ಎತ್ತರಕ್ಕೆ ಕಟ್ಟಿದ ಕೋಲನ್ನು ಅವು ಕಣ್ಣೆತ್ತಿಯೂ ನೋಡುವುದಿಲ್ಲ. ಆರೂ ಮೂಲೆಯಲ್ಲಿ ಒತ್ತೊತ್ತಾಗಿ ಕೂರುತ್ತವೆ. ಅಲ್ಲಿ ಪಂಜರದಲ್ಲಿ ಒಂದೊಂದಕ್ಕೆ ಸಿಕ್ಕಿದ್ದು ಒಂದು ಎ-4 ಹಾಳೆಗಿಂತ ಕಡಿಮೆ ಜಾಗ. ಇಲ್ಲಿ ಇಷ್ಟು ಅಗಲ ಇದ್ದರೂ ಅಷ್ಟರಲ್ಲೇ ಮುದುಡಿಕೊಂಡಿವೆ. ಕೋಲನ್ನು ಇಳಿಸಿ ಗೇಣೆತ್ತರಕ್ಕೆ ಕಟ್ಟಿ. ಅಗಳಿ ಭದ್ರವಾಗಿ ಹಾಕಿ, ತಳದ ಸಂದಿಗೆ ಕಲ್ಲು ಒತ್ತಿ. ಮುಂಗುಸಿಗೆ, ಕಾಡುಬೆಕ್ಕಿಗೆ ಅಂಗೈಯಗಲ ಸಂದಿಯಿದ್ದರೆ ಸಾಕು.

ಬೆಳಗ್ಗೆ ಬಾಗಿಲು ತೆರೆದಾಗ ತಟ್ಟೆಯಲ್ಲಿಟ್ಟ ನೀರು ಇಟ್ಟ ಹಾಗೇ ಇದೆ. ಗಾಬರಿಯಾಗಬೇಡಿ. ಹುಟ್ಟಿದಾಗಿನಿಂದ ಪೈಪಿನ ಕೆಂಪು ನಿಪ್ಪಲ್ ಕುಟ್ಟಿ ನೀರು ಕುಡಿದ ಕೋಳಿಗಳಿವು, ತಟ್ಟೆಯಲ್ಲಿ ನಿಂತದ್ದು ನೀರೆಂದೇ ಗೊತ್ತಿಲ್ಲ. ಒಂದನ್ನು ಎತ್ತಿಕೊಂಡು ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ. ಮೂಗಿನ ತೂತು ಮುಳುಗಬಾರದು. ತಲೆ ಕೊಡವುತ್ತದೆ. ಇನ್ನೊಮ್ಮೆ ಮುಟ್ಟಿಸಿ. ಈಗ ನೋಡಿ: ಕತ್ತು ಮೇಲೆತ್ತಿ, ಕಣ್ಣು ಅರೆಮುಚ್ಚಿ, ಗಂಟಲಲ್ಲಿ ನೀರು ಇಳಿಯುವುದು ಹೊರಗೇ ಕಾಣುತ್ತದೆ. ಒಂದು ಕುಡಿದರೆ ಉಳಿದವು ನೋಡಿ ಕಲಿಯುತ್ತವೆ.

ಮೇವಿನ ವಿಷಯದಲ್ಲಿ ಹೊಸಬರಿಗೆ ಆತುರ ಹೆಚ್ಚು. ನಮ್ಮ ತಾಲ್ಲೂಕು ಸಾವೆ, ನವಣೆ, ರಾಗಿಯ ಸೀಮೆ. ಮನೆಯಲ್ಲಿ ಕಾಳಿದೆ, ಹಾಕಿಬಿಡೋಣ ಅನ್ನಿಸುತ್ತದೆ. ಬೇಡ. ಫಾರಂನಲ್ಲಿ ತಿನ್ನುತ್ತಿದ್ದ ಲೇಯರ್ ಮ್ಯಾಶನ್ನೇ ಒಂದು ಚೀಲ ತಂದಿಟ್ಟುಕೊಂಡು ಅದರಿಂದಲೇ ಶುರು ಮಾಡಿ, ವಾರ ಹತ್ತು ದಿನದಲ್ಲಿ ನುಚ್ಚು, ಕಾಳು ಬೆರೆಸುತ್ತಾ ಹೋಗಿ. ಕತ್ತರಿಸಿದ ಕೊಕ್ಕಿಗೆ ನೆಲದ ಮೇಲೆ ಚೆಲ್ಲಿದ ಕಾಳು ಎತ್ತುವುದು ಕಷ್ಟ, ಆಳವಿರುವ ಪಾತ್ರೆಯಲ್ಲಿ ಇಡಿ. ಪಕ್ಕದಲ್ಲಿ ಒಂದು ಚಿಪ್ಪಿನಲ್ಲಿ ಸುಣ್ಣಕಲ್ಲಿನ ಹರಳು ಇರಲಿ, ಬೇಕಾದಷ್ಟು ತಾವೇ ತಿನ್ನುತ್ತವೆ. ಬೂಷ್ಟು ಹಿಡಿದ ಕಡಲೆಕಾಯಿ, ಹಿಂಡಿ ಮಾತ್ರ ಯಾರು ಕೊಟ್ಟರೂ ಹಾಕಬೇಡಿ. ಅದರಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ವಿಷ ಕೋಳಿಯ ಈಲಿಯನ್ನೇ ತಿಂದುಹಾಕುತ್ತದೆ.

ಅಜ್ಜಿಯ ನಾಟಿ ಕೋಳಿಗಳು ಬೇಲಿಯಾಚೆ ಸಾಲಾಗಿ ನಿಂತು ನೋಡುತ್ತಿವೆ, ಹುಂಜ ಮುಂದೆ. ಬೆರೆಯಲು ಬಿಡಬೇಡಿ, ಮೂರು ನಾಲ್ಕು ವಾರವಾದರೂ ನೀರು, ಮೇವಿನ ಪಾತ್ರೆ ಎಲ್ಲ ಬೇರೆ ಇರಲಿ. ಕೊಕ್ಕರೆ ರೋಗ ಬಂದರೆ ಅಜ್ಜಿಯ ಗೂಡು ವಾರದೊಳಗೆ ಖಾಲಿ. 2020ರ ಮಾರ್ಚ್‌ನಲ್ಲಿ ಪಕ್ಕದ ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಆದ್ದರಿಂದ ಬಂದ ವಾರದಲ್ಲೇ ಪಶು ಆಸ್ಪತ್ರೆಯ ವೈದ್ಯರಿಗೆ ತೋರಿಸಿ; ಲಸಿಕೆ, ಜಂತಿನ ಔಷಧಿ ಅವರು ಹೇಳಿದಂತೆ.

ಮೊದಲ ದಿನಗಳು ಗೂಡಿನೊಳಗೇ ಕಳೆದವು. ಇವತ್ತು ಬಾಗಿಲು ತೆರೆದಿಟ್ಟಿದ್ದೀರಿ. ಬಿಸಿಲು ಹೊಸ್ತಿಲ ತನಕ ಬಂದಿದೆ, ಕೋಳಿಗಳು ಹೊಸ್ತಿಲ ಈಚೆಗೇ ನಿಂತಿವೆ. ತುಂಬ ಹೊತ್ತು. ಕೊನೆಗೆ ಜುಟ್ಟು ಜೋತ ಆ ಕೋಳಿ ಒಂದು ಕಾಲನ್ನು ಹೊರಗಿಡುತ್ತದೆ. ಬೆರಳು ಮಣ್ಣಿಗೆ ತಾಗಿದ ಕೂಡಲೇ ಕಾಲನ್ನು ಎತ್ತಿಕೊಂಡು ಹಾಗೆಯೇ ನಿಲ್ಲುತ್ತದೆ. ಇಷ್ಟು ದಿನ ಅದು ನಿಂತದ್ದು ಇಳಿಜಾರಿನ ತಂತಿಯ ಮೇಲೆ. ಮತ್ತೆ ಇಡುತ್ತದೆ, ಈ ಸಲ ಭಾರ ಬಿಟ್ಟು. ಸೊಟ್ಟ ಉಗುರಿನಿಂದ ಒಮ್ಮೆ ಹಿಂದಕ್ಕೆ ಕೆರೆಯುತ್ತದೆ, ಬಗ್ಗಿ ನೋಡುತ್ತದೆ, ಎರಡನೆಯ ಕಾಲಿನಿಂದ ಕೆರೆಯುತ್ತದೆ. ಇದನ್ನು ಹೇಳಿಕೊಡಲು ಅದಕ್ಕೆ ತಾಯಿ ಇರಲಿಲ್ಲ. ಯಂತ್ರದಲ್ಲಿ ಕಾವು ಪಡೆದು ಹುಟ್ಟಿದ್ದು. ಆದರೂ ಕಾಲಿಗೆ ಗೊತ್ತಿದೆ.

ಬೂದಿ ಮರಳು ಬೆರೆಸಿ ನೆರಳಲ್ಲಿ ತೋಡಿದ ಗುಣಿ ಅದರ ಕಣ್ಣಿಗೆ ಬೀಳುವುದು ಮಧ್ಯಾಹ್ನಕ್ಕೆ. ಎದೆ ಊರಿ ಕೂತು, ಒಂದು ರೆಕ್ಕೆಯಿಂದ ಬೂದಿ ಮೊಗೆದು ಬೆನ್ನ ಮೇಲೆ ಸುರಿದುಕೊಳ್ಳುತ್ತದೆ. ಆಮೇಲೆ ಮಗ್ಗುಲಾಗಿ ಬಿದ್ದು ಕಾಲು ಚಾಚಿ, ಕಣ್ಣು ಮುಚ್ಚಿ ಅಲ್ಲಾಡದೆ ಮಲಗಿಬಿಡುತ್ತದೆ. ‘ಸತ್ತೋಯ್ತೇನೋ!’ ಎಂದು ಓಡಿಬಂದ ನಿಮ್ಮನ್ನು ನೋಡಿ ಬೇಲಿಯಾಚೆಯ ಅಜ್ಜಿ ನಗುತ್ತಾಳೆ: ‘ಹೇನು ಉದುರಿಸ್ಕತೈತೆ ಕಣಪ್ಪ, ಬಿಡು.’ ಬೂದಿ ಒಣಗಿರಬೇಕು, ಅಷ್ಟೇ. ನೆಂದ ಬೂದಿ ಚರ್ಮ ಸುಡುತ್ತದೆ.

ಸಂಜೆ ನಾಟಿ ಕೋಳಿಗಳು ತಾವಾಗಿ ಗೂಡು ಸೇರುತ್ತವೆ. ನಿಮ್ಮವು ಕತ್ತಲಾದರೂ ಅಂಗಳದಲ್ಲೇ ನಿಂತಿರುತ್ತವೆ. ಎತ್ತಿ ಎತ್ತಿ ಒಳಗಿಡಬೇಕು. ಅವು ಬೆಳೆದ ಶೆಡ್ಡಿನಲ್ಲಿ ಹಗಲೂ ಬಲ್ಬೂ ಸೇರಿ ದಿನಕ್ಕೆ ಹದಿನಾರು ಗಂಟೆ ಬೆಳಕಿರುತ್ತಿತ್ತು. ಆ ಬೆಳಕು ತಪ್ಪಿದ ಮೇಲೆ ಮೊಟ್ಟೆ ನಿಲ್ಲುತ್ತದೆ, ಇದ್ದ ಪುಕ್ಕವೂ ಉದುರುತ್ತದೆ. ರೋಗವಲ್ಲ ಅದು. ಮೈ ವಿಶ್ರಾಂತಿ ಪಡೆಯುತ್ತಿದೆ. ಹಳೆಯದು ಉದುರಿ ಹೊಸ ಗರಿಯ ಮುಳ್ಳುಗಳು ಚರ್ಮದಿಂದ ಏಳುತ್ತವೆ, ಬಿಳಿಚಿದ ಕಾಲಿಗೂ ಕೊಕ್ಕಿಗೂ ಹಳದಿ ಮರಳುತ್ತದೆ. ಆ ಹಳದಿ ಕೂಡ ಮೊಟ್ಟೆಗೇ ಹೋಗಿತ್ತು.

ಎಲ್ಲವೂ ಉಳಿಯುವುದಿಲ್ಲ. ಹೊಟ್ಟೆ ಊದಿ, ಬಾಲ ಇಳಿಬಿಟ್ಟು ಮೂಲೆ ಹಿಡಿದ ಕೋಳಿ ಮೊಟ್ಟೆ ಸಿಕ್ಕಿಕೊಂಡು ಒದ್ದಾಡುತ್ತಿರಬಹುದು, ಅದಕ್ಕೆ ನಾಟಿ ಔಷಧಿ ಹುಡುಕುತ್ತಾ ಕೂರಬೇಡಿ, ಡಾಕ್ಟರನ್ನು ಕರೆಸಿ. ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ 1962.

ಇವು ಬೆಳೆದಂಥ ಬರಿ ತಂತಿಯ ಪಂಜರಗಳನ್ನು ಯುರೋಪಿಯನ್ ಒಕ್ಕೂಟ 2012ರಲ್ಲೇ ನಿಲ್ಲಿಸಿತು. ನಮ್ಮ ಕಾನೂನು ಆಯೋಗವೂ 2017ರಲ್ಲಿ ತನ್ನ 269ನೇ ವರದಿಯಲ್ಲಿ ಮೊಟ್ಟೆ ಕೋಳಿಗಳನ್ನು ಇಡುವ, ಸಾಗಿಸುವ ರೀತಿಗೆ ನಿಯಮಗಳ ಕರಡು ಬರೆದುಕೊಟ್ಟಿತು. ಫಾರಂಗಳಲ್ಲಿ ಮಾತ್ರ 72ರಿಂದ 80 ವಾರವಾಗುತ್ತಲೇ ‘ಮೇವಿನ ಖರ್ಚು ಹುಟ್ಟುವುದಿಲ್ಲ’ ಎಂದು ಇಡೀ ಬ್ಯಾಚು ಕಲ್ಲಿಂಗ್‌ಗೆ, ಅಂದರೆ ಮಾಂಸಕ್ಕೆ, ಹೋಗುತ್ತದೆ, ಕೆಜಿ ಲೆಕ್ಕದಲ್ಲಿ.

ಬರಿ ಮೊಟ್ಟೆಗೆಂದಾದರೆ ಇವನ್ನು ತರಬೇಡಿ, ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ಸ್ವರ್ಣಧಾರ ತಳಿಗಳಿವೆ. ಈ ಕೋಳಿಗಳಿಗೇ ಮನೆ ಕೊಡುವ ಮನಸ್ಸಿದ್ದರೆ ಒಂದನ್ನೇ ತಂದು ಒಂಟಿ ಮಾಡಬೇಡಿ, ಮೂರಾದರೂ ಇರಲಿ. ಮೊದಲು ಗೂಡು ಕಟ್ಟಿ ಮುಗಿಸಿ. ಆಮೇಲೆ ಹತ್ತಿರದ ಲೇಯರ್ ಫಾರಂಗೆ ಹೋಗಿ ಕಲ್ಲಿಂಗ್ ಯಾವಾಗ ಎಂದು ಕೇಳಿ, ಲಾರಿ ಬರುವ ಮುಂಚೆ ತಲುಪಿ.